ಲಗೂನಪ್ಪನಿಗೆ ದಮ್ಮು ಹಿಡಿದದ್ದು

ಬೈಲಹೊಂಗಲದ ಅರಳೆ ವ್ಯಾಪಾರಿ ಮಡಿವಾಳೆಪ್ಪನಿಗೆ ತಂದೆ ತಾಯಿ ಇಟ್ಟ ಹೆಸರು ಕಾಗದಪತ್ರಗಳಲ್ಲಿ ಮಾತ್ರ ಉಳಿದಿತ್ತು. ಊರಿನವರ ಬಾಯಲ್ಲಿ ಅವನು ಲಗೂನಪ್ಪ. ಏಕೆಂದರೆ ಬೆಳಗಿನಿಂದ ಸಂಜೆಯವರೆಗೆ ಅವನ ಬಾಯಿಂದ ಉದುರುತ್ತಿದ್ದ ಮಾತು ಒಂದೇ, ಲಗೂನ, ಎಂದರೆ ಬೇಗ. ಲಗೂನ ಬಾ, ಲಗೂನ ಹೋಗು, ಲಗೂನ ತೂಗು, ಲಗೂನ ಉಣ್ಣು. ತಾಯಿಯ ಹೊಟ್ಟೆಯಲ್ಲಿ ಒಂಬತ್ತು ತಿಂಗಳು ಕೂರಲು ಪುರಸತ್ತಿಲ್ಲದೆ ಎಂಟಕ್ಕೇ ಹೊರಬಿದ್ದವನು ತಾನು ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಲಗ್ನವೂ ಲಗೂನೇ ಆಗಿತ್ತಂತೆ. ಅಕ್ಷತೆ ಬೀಳುವ ಮೊದಲೇ ಎದ್ದು ನಿಂತವನನ್ನು ಸ್ವಾಮಿಗಳು ಹೆಗಲು ಹಿಡಿದು ಕೂರಿಸಿ, ಇನ್ನೂ ಹೆಣ್ಣು ಬಂದಿಲ್ಲಪ್ಪ ಎಂದು ನೆನಪು ಮಾಡಿಕೊಟ್ಟಿದ್ದರಂತೆ.

ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅವನ ಪೂಜೆ ಮುಗಿಯುತ್ತಿತ್ತು. ಶಿವನಿಗೂ ನೂರಾರು ಕೆಲಸ, ಅವನನ್ನು ಸುಮ್ಮನೆ ಕೂರಿಸಬಾರದು ಎಂಬ ಲೆಕ್ಕ. ಒಮ್ಮೆ ರೈಲು ನೋಡಬೇಕೆಂದು ಧಾರವಾಡದ ಸ್ಟೇಷನ್ನಿಗೆ ಹೋಗಿದ್ದ. ಅದು ಬರುವುದು ತಡವಾಯಿತೆಂದು ಬೇಸತ್ತು, ನೋಡದೆಯೇ ಮರಳಿ ಬಂದ. ಅದಕ್ಕಿಂತ ತನ್ನ ಬಂಡಿಯೇ ಲಗೂನ ಬರುತ್ತದೆಂದು ಪೇಟೆಯಲ್ಲೆಲ್ಲ ಹೇಳಿಕೊಂಡು ತಿರುಗಿದ.

ಇದೆಲ್ಲ ನಗುವ ಮಾತಾಯಿತು. ನಗಲಾಗದ ಚಟ ಇನ್ನೊಂದಿತ್ತು. ಎದುರಿನವರ ಮಾತನ್ನು ಅವರಿಗಿಂತ ಮೊದಲು ಇವನೇ ಮುಗಿಸುತ್ತಿದ್ದ. ಕನ್ನಡದಲ್ಲಿ ಕ್ರಿಯಾಪದವು ವಾಕ್ಯದ ಕೊನೆಗೆ ಬರುವುದು ಅವನ ಪಾಲಿಗೆ ದೊಡ್ಡ ಅನ್ಯಾಯವಾಗಿತ್ತು. ಅಲ್ಲಿಯವರೆಗೆ ಕಾಯುವವರು ಯಾರು? ನೆರೆಮನೆಯ ಹಗ್ಗದ ವ್ಯಾಪಾರಿ ರಾಯಪ್ಪ ಮುಖ ಸಣ್ಣದು ಮಾಡಿಕೊಂಡು, “ನಿನ್ನೆ ನಮ್ಮ ಎಮ್ಮಿ...” ಎಂದರೆ, “ಈದೈತಿ? ಭಾಳ ಸಂತೋಷ, ಗಿಣ್ಣ ಕಳಿಸು” ಎಂದು ಮುಂದೆ ನಡೆದುಬಿಟ್ಟಿದ್ದ. ಎಮ್ಮೆ ಸತ್ತಿತ್ತು. ಅಂದಿನಿಂದ ರಾಯಪ್ಪ ಅವನ ಮುಂದೆ ಬಾಯಿ ತೆರೆಯುವುದನ್ನೇ ಬಿಟ್ಟ. ಮಡಿವಾಳೆಪ್ಪನಿಗಾದರೋ ಪಾಪ, ಈ ರಾಯಪ್ಪನಿಗೆ ಮಾತೇ ಬರುವುದಿಲ್ಲ ಎಂಬ ಕನಿಕರ.

ಅವನ ಹೆಂಡತಿ ರಾಚವ್ವ ಸಿರಸಂಗಿಯ ಒಕ್ಕಲು ಮನೆತನದವಳು. ಲಗ್ನವಾದ ಇಪ್ಪತ್ತಾರು ವರ್ಷಗಳಲ್ಲಿ ಅವಳ ಒಂದು ವಾಕ್ಯವೂ ಗಂಡನ ಮುಂದೆ ದಡ ಮುಟ್ಟಿರಲಿಲ್ಲ. ಇದ್ದ ಒಬ್ಬ ಮಗಳನ್ನು ರಾಮದುರ್ಗಕ್ಕೆ ಕೊಟ್ಟ ಮೇಲೆ ಅವಳು ಮಾತನ್ನು ಅರ್ಧಕ್ಕೆ ಬಿಡುವುದನ್ನೂ ಬಿಟ್ಟು, ಶುರುಮಾಡುವುದನ್ನೇ ಕಡಿಮೆ ಮಾಡಿದಳು. ಮನೆಯಲ್ಲಿ ಶಾಂತಿ ನೆಲೆಸಿದೆ ಎಂದು ಮಡಿವಾಳೆಪ್ಪ ತಿಳಿದ.

ಸಾವಿರದ ಒಂಬೈನೂರ ಎಂಟನೆಯ ಇಸವಿಯ ಕಾರ್ತಿಕದಲ್ಲಿ ಆ ಶಾಂತಿ ಬಂಡಿಯಿಂದ ಇಳಿದು ಹೋಯಿತು.

ಸವದತ್ತಿಯಲ್ಲಿ ರಾಚವ್ವನ ಸೋದರತ್ತೆಯ ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಗಂಡ ಹೆಂಡತಿ ಇಬ್ಬರೂ ಬಂಡಿ ಕಟ್ಟಿಕೊಂಡು ಹೋದರು. ಸಿರಸಂಗಿಯಿಂದ ಅವಳ ತಮ್ಮ ದುಂಡಪ್ಪನೂ ಬಂದಿದ್ದ. ಕಾರ್ಯ ಮುಗಿದ ಮರುದಿನ ಬೆಳಿಗ್ಗೆ ಹೊರಟಾಗ, ರಾಚವ್ವ ಪೇಟೆಯಲ್ಲಿ ಬಂಡಿ ನಿಲ್ಲಿಸಿಕೊಂಡು ಬಳೆಗಾರನ ಮುಂದೆ ಕೂತಳು. ಬಳೆ ಇಡಿಸಿಕೊಳ್ಳುವುದು ಅವಸರದ ಕೆಲಸವಲ್ಲ. ಬೆರಳು ಹಿಸುಕಿ, ಅಂಗೈ ಮಡಿಸಿ, ಮನೆಯ ಕ್ಷೇಮ ಸಮಾಚಾರ ಕೇಳುತ್ತ ಒಂದೊಂದಾಗಿ ಏರಿಸಬೇಕು. ಮಡಿವಾಳೆಪ್ಪ ಬಂಡಿಯ ಮೂಕಿಯ ಹತ್ತಿರ ಮುಂದಕ್ಕೆ ಮುಖ ಮಾಡಿ ಕೂತು ಮೂರು ಸಲ ಕೆಮ್ಮಿದ. ನಾಲ್ಕನೆಯ ಸಲ “ಲಗೂನ” ಎಂದ. ಅಷ್ಟರಲ್ಲಿ ಹಿಂದೆ ಭಾರ ಬಿದ್ದು ಬಂಡಿ ಜಗ್ಗಿತು. ಹತ್ತಿದಳು ಎಂದುಕೊಂಡು ಎತ್ತುಗಳ ಬಾಲ ಮುರಿದ.

ಹಿಂದೆ ಬಿದ್ದದ್ದು ದುಂಡಪ್ಪ ಅಕ್ಕನಿಗೆಂದು ತಂದಿದ್ದ ಒಂದು ಚೀಲ ಶೇಂಗಾ. ಇಬ್ಬನಿ ತಾಗದಿರಲೆಂದು ಅದಕ್ಕೆ ಕಂಬಳಿಯನ್ನೂ ಹೊದಿಸಿದ್ದ. ಬಂಡಿ ಓಡಿದ್ದನ್ನು ಕಂಡು ದುಂಡಪ್ಪ ಗಾಬರಿಯಿಂದ, “ಮಾಮಾ, ಅಕ್ಕ ಇಲ್ಲೇ...” ಎಂದು ಕೂಗಿದ. ಮಡಿವಾಳೆಪ್ಪ ತಿರುಗದೆಯೇ ಕೈ ಎತ್ತಿ, “ಹೂಂ, ಇಲ್ಲೇ ಅದಾಳ, ಸುಖರೂಪ ಕರಕೊಂಡು ಹೋಕ್ಕೇನಿ” ಎಂದು ಉತ್ತರ ಕೊಟ್ಟ. ಬಳೆಗಾರನ ಮುಂದೆ ಕೂತ ರಾಚವ್ವನ ಎಡಗೈಗೆ ಬಳೆ ಏರಿದ್ದವು. ಬಲಗೈ ಇನ್ನೂ ಬಳೆಗಾರನ ಕೈಯಲ್ಲೇ ಇತ್ತು.

ದಾರಿಯುದ್ದಕ್ಕೂ ಮಡಿವಾಳೆಪ್ಪ ಮಾತಾಡಿದ. ಅರಳೆಯ ಧಾರಣೆ, ತೊಟ್ಟಿಲ ಊಟದಲ್ಲಿ ಹೋಳಿಗೆ ಬಡಿಸಲು ಅವರು ಮಾಡಿದ ತಡ, ಸವದತ್ತಿಯವರ ಆಲಸ್ಯ. ಹಿಂದಿನಿಂದ ಒಂದು ಅಡ್ಡಮಾತೂ ಬರಲಿಲ್ಲ. ಇಪ್ಪತ್ತಾರು ವರ್ಷಗಳಲ್ಲಿ ರಾಚವ್ವ ಇಷ್ಟು ಲಕ್ಷ್ಯಗೊಟ್ಟು ಕೇಳಿದ್ದು ಇದೇ ಮೊದಲೆಂದು ಅವನಿಗೆ ಹಿಗ್ಗಾಯಿತು. ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದಾಗ ಅವನ ಚಿಗವ್ವ, ಎಂದರೆ ಚಿಕ್ಕಮ್ಮ, ಸಾವಿತ್ರೆವ್ವ ಹೊರಗೆ ಬಂದು ಸೊಸೆ ಎಲ್ಲಿ ಎಂದು ಕೇಳಿದಳು. ಹಿಂದೆ ಮಲಗಿದ್ದಾಳೆ ಎಂದ. ಮುದುಕಿ ಕಂಬಳಿ ಎತ್ತಿ ನೋಡಿ, “ತಮ್ಮಾ, ಸವದತ್ತ್ಯಾಗ ಊಟ ಭಾಳ ಚಲೋ ಇತ್ತು ಕಾಣತೈತಿ. ಸೊಸಿ ಗುರುತ ಸಿಗವಲ್ಲಳು” ಎಂದಳು.

ಬೆಳಗಾಗುವುದರೊಳಗೆ ಬೇರೆ ಎತ್ತು ಹೂಡಿಕೊಂಡು ಅವನು ಸವದತ್ತಿಗೆ ಓಡಿದ. ರಾಚವ್ವ ತಮ್ಮನ ಜೊತೆ ಸಿರಸಂಗಿಗೆ ಹೋಗಿಯಾಗಿತ್ತು. ಅವರಿಗೆ ಭಾಳ ಅವಸರ, ನನ್ನ ಭಾರ ಯಾಕ ಎಂದಷ್ಟೇ ಹೇಳಿ ಹೋದಳೆಂದು ಸೋದರತ್ತೆ ತಿಳಿಸಿದಳು. ಅಲ್ಲಿಂದ ಸಿರಸಂಗಿ ದೂರವೇನಲ್ಲ. ಆದರೆ ಹೆಂಡತಿಗೂ ಶೇಂಗಾ ಚೀಲಕ್ಕೂ ವ್ಯತ್ಯಾಸ ತಿಳಿಯದವನು ಮಾವನ ಮನೆಯ ಕಟ್ಟೆ ಹತ್ತಿ ಏನು ಮುಖ ತೋರಿಸಬೇಕು? ಬಂಡಿ ತಿರುಗಿಸಿ ಮನೆಗೆ ಬಂದ. ಶೇಂಗಾ ಒಡೆಯಲು ಕೂತರೆ ಒಂದೊಂದು ಕಾಯಿಯೂ ನಕ್ಕಂತೆ ಬಾಯಿ ಬಿಡುತ್ತಿತ್ತು.

ರಾಚವ್ವ ಎಂಟು ದಿನಕ್ಕೆ ಬಂದಾಳು ಎಂದುಕೊಂಡ. ಬರಲಿಲ್ಲ. ಆಗ ಕಂಬಳಿ ಮಾರುವ ಹಾಲುಮತದ ಬೀರಪ್ಪನನ್ನು ಹಿಡಿದ. ಬೀರಪ್ಪ ಹೆಗಲ ಮೇಲೆ ಕಂಬಳಿ ಹೊತ್ತು ಸವದತ್ತಿ, ಸಿರಸಂಗಿ, ಕಟಕೋಳದವರೆಗೆ ತಿರುಗಿ ಬರುವವನು. ಕಾಲು ಎಷ್ಟು ನಿಧಾನವೋ ಮಾತೂ ಅಷ್ಟೇ ನಿಧಾನ. ಎರಡು ಶಬ್ದಗಳ ನಡುವೆ ಒಂದು ಕುರಿ ಆರಾಮವಾಗಿ ದಾಟಿ ಹೋಗಬಹುದು. ರಾಚವ್ವನಿಗೆ ಲಗೂನ ಬಾ ಎಂದು ಹೇಳು ಎಂದು ಅವನ ಕೈಯಲ್ಲಿ ಹೇಳಿ ಕಳಿಸಿದ.

ಹದಿನೈದು ದಿನಕ್ಕೆ ಬೀರಪ್ಪ ಮರಳಿ ಬಂದು, ಕಂಬಳಿ ಕೆಳಗಿಟ್ಟು, ಬೆವರು ಒರೆಸಿಕೊಂಡು, ಅಂಗಡಿಯ ಮೆಟ್ಟಿಲ ಮೇಲೆ ಕೂತ.

“ಸಾವುಕಾರ್ರ, ಅವ್ವಾರು ಭೆಟ್ಟಿ ಆದ್ರು.”

“ಏನಂದ್ಳು?”

“ನೀವು ಹೇಳಿದ್ದು ಹೇಳಿದ್ನಿರಿ. ಅದಕ್ಕ ಅವ್ವಾರು, ದಮ್ಮ ಹಿಡ...”

“ದಮ್ಮ ಹಿಡದೈತಿ? ರಾಚವ್ವಗ?”

“ಹಂಗಲ್ರಿ, ದಮ್ಮ...”

“ಹಂಗ ಹಿಂಗ ಅಲ್ಲ, ಭಾಳ ಐತಿ ಅಂತೀ?”

ಬೀರಪ್ಪ ಮೂರನೆಯ ಸಲ ಬಾಯಿ ತೆರೆದ. ತೆರೆದ ಬಾಯನ್ನು ಹಾಗೆಯೇ ಮುಚ್ಚಿದ. ಕಂಬಳಿ ಹೆಗಲಿಗೇರಿಸಿಕೊಂಡು ಹೊರಟುಹೋದ. ಅವನಿಗೆ ಇನ್ನೂ ಆರು ಊರು ತಿರುಗುವುದಿತ್ತು.

ನಮ್ಮ ಕಡೆ ‘ದಮ್ಮ ಹಿಡೀರಿ’ ಎಂದರೆ ಸ್ವಲ್ಪ ತಾಳಿಕೊಳ್ಳಿ ಎಂದರ್ಥ. ‘ದಮ್ಮ ಹಿಡದೈತಿ’ ಎಂದರೆ ಉಬ್ಬಸದ ರೋಗ ಅಂಟಿದೆ ಎಂದರ್ಥ. ನಡುವೆ ಇರುವ ಅಂತರ ಬಾಲದಲ್ಲಿ ಒಂದೆರಡು ಅಕ್ಷರ. ಆ ಬಾಲ ಬರುವವರೆಗೆ ಕಾಯಲಾರದ ಮಡಿವಾಳೆಪ್ಪ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಲೆಕ್ಕ ಹಾಕತೊಡಗಿದ. ಇಪ್ಪತ್ತಾರು ವರ್ಷ ಅವಳು ಅವನ ಹಿಂದೆ ಓಡಿದ್ದಾಳೆ. ಗುಡಿಗೆ ಹೋದರೂ ಹತ್ತು ಹೆಜ್ಜೆ ಹಿಂದೆ, ಹೊಲಕ್ಕೆ ಹೋದರೂ ಹತ್ತು ಹೆಜ್ಜೆ ಹಿಂದೆ, ಸೆರಗು ಸಾವರಿಸಿಕೊಳ್ಳುತ್ತ, ಏದುತ್ತ. ಓಡಿ ಓಡಿಯೇ ದಮ್ಮು ಹತ್ತಿರಬೇಕು. ಬೇರೆಯವರಿಗೆ ಗಾಳಿಯಿಂದ, ಧೂಳಿನಿಂದ ರೋಗ ಬರುತ್ತದೆ. ತನ್ನ ಹೆಂಡತಿಗೆ ಗಂಡನಿಂದ ಬಂದಿದೆ. ಈ ಯೋಚನೆ ಮಾತ್ರ ಅವನಲ್ಲಿ ಲಗೂನ ಬಂದು ಲಗೂನ ಹೋಗಲಿಲ್ಲ.

ಕಿತ್ತೂರಿನಲ್ಲಿ ಕಾಡಪ್ಪ ಎಂಬ ವೃದ್ಧ ನಾಡಿವೈದ್ಯನಿದ್ದ. ಅವನು ಕೊಡುವ ಕಾಡೆಯ, ಎಂದರೆ ಕಷಾಯದ, ಕಹಿಗೆ ರೋಗವೇ ಬಿಟ್ಟು ಓಡುತ್ತದೆಂದು ಹೆಸರು. ಹೆಸರಿಗೆ ತಕ್ಕಂತೆ ಕಾಡಿಸದೆ ಕಾಡೆ ಕೊಡುವವನೂ ಅಲ್ಲ. ಮಡಿವಾಳೆಪ್ಪ ಅಲ್ಲಿ ಮುಟ್ಟಿದಾಗ ಮುದುಕ ಬೇರುಗಳನ್ನು ಒಂದೊಂದಾಗಿ ಮೂಸಿ ಬೇರ್ಪಡಿಸುತ್ತಿದ್ದ. ಇವನು ಒಂದೇ ಉಸಿರಿನಲ್ಲಿ ಎಲ್ಲ ಹೇಳಿ ಮುಗಿಸಿ, ದಮ್ಮಿಗೆ ಔಷಧ ಕಟ್ಟಿಕೊಡಿ, ಬಂಡಿ ನಿಂತಿದೆ ಎಂದ.

“ರೋಗಿ ಎಲ್ಲಿ?”

“ಸಿರಸಂಗ್ಯಾಗ.”

“ನಾಡಿ?”

“ಅದೂ ಅಲ್ಲೇ ಐತ್ರಿ.”

ಕಾಡಪ್ಪ ಬೇರುಗಳನ್ನು ಬದಿಗೆ ಸರಿಸಿ, ಹಾಗಾದರೆ ನಿನ್ನದೇ ಕೊಡು ಎಂದು ಮಡಿವಾಳೆಪ್ಪನ ಮುಂಗೈ ಹಿಡಿದ. ಬಹಳ ಹೊತ್ತು ಕಣ್ಣು ಮುಚ್ಚಿ ಕೂತ. ಇದು ನಾಡಿಯಲ್ಲ, ಟಾಂಗಾದ ಕುದುರೆ ಎಂದ. ಆಮೇಲೆ ಅವನು ನಿಧಾನವಾಗಿ ಹೇಳಿದ್ದು ಇಷ್ಟು. ದಮ್ಮಿನವರಿಗೆ ಔಷಧಕ್ಕಿಂತ ಮನೆ ಮುಖ್ಯ. ಹೊಗೆ, ಧೂಳು, ಕೂಗಾಟ, ಅವಸರ ಇದ್ದಲ್ಲಿ ಅವರಿಗೆ ಉಸಿರು ಆಡುವುದಿಲ್ಲ. ಮೊದಲು ಮನೆ ಹದವಾಗಲಿ, ಮನೆಯ ಯಜಮಾನ ಹದವಾಗಲಿ, ಆಮೇಲೆ ಹೆಂಡತಿಯನ್ನು ಕರೆತಾ. ಮುಂಜಾನೆ ಒಂದು ತಂಬಿಗೆ ಬಿಸಿನೀರನ್ನು ಕೂತು, ಗುಟುಕು ಗುಟುಕಾಗಿ ಕುಡಿಯಬೇಕು. ರೊಟ್ಟಿಯ ತುತ್ತು ಬಾಯಲ್ಲಿ ಸಿಹಿಯಾಗುವವರೆಗೆ ಅಗಿಯಬೇಕು. ಸಂಜೆ ಊರ ಹೊರಗಿನ ಬಾವಿಯವರೆಗೆ, ಮಾತಾಡಿದರೂ ಏದುಸಿರು ಬರದಷ್ಟು ನಿಧಾನ ನಡೆಯಬೇಕು. ದಮ್ಮಿನವರು ಮಾತನ್ನು ತಡೆತಡೆದು ಆಡುತ್ತಾರೆ, ನಡುವೆ ಬಾಯಿ ಹಾಕಿದರೆ ಅವರ ಉಸಿರು ಅಲ್ಲೇ ಸಿಕ್ಕಿಬೀಳುತ್ತದೆ. ಆದ್ದರಿಂದ ಯಾರ ಮಾತನ್ನೂ ನಡುವೆ ಕತ್ತರಿಸಬಾರದು. ಇಷ್ಟನ್ನು ನಲವತ್ತೆಂಟು ದಿನ ಅವನೇ ಮಾಡಿ ರೂಢಿ ಮಾಡಿಕೊಳ್ಳಬೇಕು. ಜೊತೆಗೆ ಕಾಡೆಯನ್ನು ಅವನೂ ಕುಡಿದು ನೋಡಬೇಕು, ಕಹಿ ಎಷ್ಟೆಂದು ತಿಳಿಯದೆ ಇನ್ನೊಬ್ಬರಿಗೆ ಕುಡಿಸಬಾರದು.

ಮುದುಕನಿಗೆ ಯಾರ ರೋಗ ಅರ್ಥವಾಗಿತ್ತೋ ಹೇಳುವುದು ಕಷ್ಟ. ಮಡಿವಾಳೆಪ್ಪನಂತೂ, ನಲವತ್ತೆಂಟು ದಿನದ್ದನ್ನು ದಿನಕ್ಕೆರಡು ಸಲ ಮಾಡಿ ಇಪ್ಪತ್ನಾಲ್ಕಕ್ಕೆ ಮುಗಿಸಬಹುದೇ ಎಂದು ಕೇಳಿದ. ಕಾಡಪ್ಪ ಮತ್ತೆ ಬೇರು ಮೂಸತೊಡಗಿದ.

ಮೊದಲನೆಯ ದಿನ ತುತ್ತು ಅಗಿಯುತ್ತ ಎಣಿಸಿದ. ಏಳಕ್ಕೆ ಬರುವಷ್ಟರಲ್ಲಿ ತುತ್ತು ಹೇಳದೆ ಕೇಳದೆ ಒಳಗೆ ಇಳಿದುಹೋಗಿತ್ತು. ಇಷ್ಟು ವರ್ಷದ ರೂಢಿ, ಅದರದೇನು ತಪ್ಪು? ಎರಡನೆಯ ತುತ್ತಿಗೆ ನಾಲಿಗೆ ಕಚ್ಚಿಕೊಂಡ. ಬಿಸಿನೀರು ಹಿಡಿದುಕೊಂಡು ಕಟ್ಟೆಯ ಮೇಲೆ ಕೂತರೆ ದಾರಿಯಲ್ಲಿ ಹೋಗುವವರ ನಡಿಗೆಯೆಲ್ಲ ನಿಧಾನವಾಗಿ ಕಂಡು, ಮೂವರಿಗೆ ಬೇಗ ಹೆಜ್ಜೆ ಹಾಕಲು ಬುದ್ಧಿ ಹೇಳಿದ. ಸಂಜೆ ಬಾವಿಗೆ ನಡೆದಾಗ ಮುದಿ ಎಮ್ಮೆಯೊಂದು ಅವನನ್ನು ಹಿಂದೆ ಹಾಕಿತು. ಅವನಿಗೆ ಎಂದೂ ಇಷ್ಟು ಅವಮಾನವಾಗಿರಲಿಲ್ಲ. ಲಗೂನಪ್ಪ ನಿಧಾನ ನಡೆಯುತ್ತಿದ್ದಾನೆಂದು ಊರಲ್ಲಿ ಸುದ್ದಿಯಾಗಿ, ಇಬ್ಬರು ಹಿರಿಯರು ಮನೆಗೆ ಬಂದು ಯಾರು ತೀರಿಕೊಂಡರು ಎಂದು ಮೆಲ್ಲಗೆ ಕೇಳಿದರು.

ಸಾವಿತ್ರೆವ್ವನಿಗೆ ಇದು ದಿನದಿನದ ನಾಟಕವಾಯಿತು. ಒಲೆಗೆ ಹಸಿ ಕಟ್ಟಿಗೆ ಹಾಕಬಾರದು, ಹೊಗೆಯಾಗುತ್ತದೆ ಎಂದು ಅವನು ಅಡುಗೆ ಮನೆಯ ಹೊಸ್ತಿಲಲ್ಲಿ ಕೂತು ಕಟ್ಟಿಗೆ ಆರಿಸಿ ಕೊಡತೊಡಗಿದ. ಅಲ್ಲಿ ಕೂತ ಮೇಲೆ ರೊಟ್ಟಿ ಬಡಿಯುವುದನ್ನು ನೋಡದೆ ಗತಿಯಿರಲಿಲ್ಲ. ಹಿಟ್ಟಿನ ಮುದ್ದೆ ಅಂಗೈಯ ಏಟಿಗೆ ತಿರುಗುತ್ತ ತಿರುಗುತ್ತ ಅಗಲವಾಗುವುದು, ಹಂಚಿನ ಮೇಲೆ ನೀರು ಸವರಿದಾಗ ಬರುವ ವಾಸನೆ, ಕೆಂಡಕ್ಕೆ ಒಡ್ಡಿದಾಗ ಉಬ್ಬಿ ನಿಲ್ಲುವುದು. ಐವತ್ತರ ಹತ್ತಿರ ಬಂದವನು ರೊಟ್ಟಿ ಉಬ್ಬುತ್ತದೆ ಎಂಬ ಸಂಗತಿಯನ್ನು ಮೊದಲ ಸಲ ಕಂಡು ಚಿಗವ್ವನಿಗೆ ಹೇಳಿದ.

“ನಿನ್ನ ಹೇಣ್ತಿ ದಿನಾ ಉಬ್ಬಿದ ರೊಟ್ಟೀನ ಹಾಕತಿದ್ಲು” ಎಂದಳು ಸಾವಿತ್ರೆವ್ವ. “ಅದರ ಉಸಿರು ಇಳಿಯೂತನಾ ನೀ ಯಾವತ್ತ ಕುಂತಿ?”

ಅವನು ಅಗಿಯುತ್ತಲೇ ಕೂತ. ತುತ್ತು ಬಾಯಲ್ಲಿತ್ತು, ಇನ್ನೂ ಸಿಹಿಯಾಗಿರಲಿಲ್ಲ.

ಹದಿನಾಲ್ಕನೆಯ ದಿನವೋ ಹದಿನೈದನೆಯ ದಿನವೋ ತುತ್ತು ಸಿಹಿಯಾಯಿತು. ಬರೀ ಜೋಳದ ರೊಟ್ಟಿ, ಬೆಲ್ಲ ಸೋಕಿರಲಿಲ್ಲ. ಅವನಿಗೆ ನಂಬಿಕೆಯಾಗದೆ ಇನ್ನೊಂದು ತುತ್ತು ತಿಂದು ನೋಡಿದ. ಅಂದು ಅಂಗಡಿಗೆ ಹೋಗುವುದು ಅರ್ಧ ತಾಸು ತಡವಾಯಿತು. ಬಾಗಿಲಲ್ಲಿ ಯಾರೂ ಅಳುತ್ತ ನಿಂತಿರಲಿಲ್ಲ. ತಮ್ಮ ಶಂಕ್ರೆಪ್ಪ ಅಂಗಡಿ ತೆರೆದು, ಎರಡು ಗಿರಾಕಿಗಳನ್ನು ಕಳಿಸಿ, ಮೂರನೆಯವನ ಜೊತೆ ನಗುತ್ತ ಕೂತಿದ್ದ. ತಾನಿಲ್ಲದೆ ಬೈಲಹೊಂಗಲದ ಅರಳೆ ಪೇಟೆ ನಿಂತುಹೋಗುತ್ತದೆಂದು ಮೂವತ್ತು ವರ್ಷ ತಿಳಿದುಕೊಂಡಿದ್ದ ಮಡಿವಾಳೆಪ್ಪನಿಗೆ ಇದು ಕಾಡೆಗಿಂತ ಕಹಿಯಾದ ಗುಟುಕು. ಅದನ್ನೂ ಕೂತು ಕುಡಿದ.

ಎಲ್ಲಕ್ಕಿಂತ ಕಷ್ಟವಾದದ್ದು ಮಾತಿನ ಪಥ್ಯ. ಅದಕ್ಕೆ ಅವನೊಂದು ಉಪಾಯ ಮಾಡಿಕೊಂಡ. ಎದುರಿನವರು ಮಾತು ಶುರುಮಾಡಿದೊಡನೆ ಬಾಯಿಗೆ ಒಂದು ಲವಂಗ ಹಾಕಿಕೊಂಡು, ಅವರು ಮುಗಿಸುವವರೆಗೆ ಹಲ್ಲು ಬಿಡಿಸುತ್ತಿರಲಿಲ್ಲ. ಒಂದು ಸಂಜೆ ಬಾವಿಯ ಹಾದಿಯಲ್ಲಿ ರಾಯಪ್ಪ ಸಿಕ್ಕ. ಏನೋ ಹೇಳಬೇಕೆಂದು ಬಾಯಿ ತೆರೆದು, ಹಳೆಯ ನೆನಪಿನಿಂದ ನಿಂತ. ಮಡಿವಾಳೆಪ್ಪ ಲವಂಗ ಕಚ್ಚಿ ನಿಂತ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತದ್ದನ್ನು ಕಂಡು ಜಗಳವೆಂದು ಜನ ಸೇರತೊಡಗಿದರು. ಕೊನೆಗೆ ರಾಯಪ್ಪ ವಾಕ್ಯ ಪೂರ್ತಿ ಮಾಡಿದ. ನಿಮ್ಮ ಬಂಡಿಯ ಎಡಗಾಲಿಯ ಕೀಲು ಸಡಿಲಾಗಿದೆ, ಹೇಳಬೇಕೆಂದು ಎರಡು ವರ್ಷದಿಂದ ನೋಡುತ್ತಿದ್ದೇನೆ ಎಂದ. ಅದರ ಬೆನ್ನಿಗೇ ಎಮ್ಮೆ ಸತ್ತದ್ದನ್ನೂ ಹೇಳಿದ. ಅಂದು ಗಿಣ್ಣ ಕೇಳಿದ್ದಕ್ಕೆ ಮಡಿವಾಳೆಪ್ಪ ಅವನ ಕ್ಷಮೆ ಕೇಳಿದ. ಆರು ವರ್ಷ ತಡವಾಗಿತ್ತು, ಆದರೂ ರಾಯಪ್ಪನ ಕಣ್ಣು ತೇವವಾಯಿತು. ಅಲ್ಲಿಂದ ಮುಂದೆ ಸಂಜೆಯ ನಡಿಗೆಗೆ ಇಬ್ಬರೂ ಕೂಡಿಯೇ ಹೋಗತೊಡಗಿದರು. ರಾಯಪ್ಪ ಮಾತಾಡಲು ಶುರುಮಾಡಿದರೆ ನಿಲ್ಲಿಸುವವನೇ ಅಲ್ಲವೆಂದು ಆಗ ತಿಳಿಯಿತು.

ನಲವತ್ತು ದಿನ ದಾಟುವಷ್ಟರಲ್ಲಿ ಮುಂಜಾನೆಯ ಬಿಸಿನೀರಿಗಾಗಿ ಅವನೇ ಬೇಗ ಏಳುತ್ತಿದ್ದ. ಬೇಗ ಏಳುವುದು ನಿಧಾನವಾಗಿ ಕೂರುವುದಕ್ಕಾಗಿ. ಈ ತಿರುವು ಅವನಿಗೇ ನಗೆ ತರಿಸುತ್ತಿತ್ತು. ಆದರೆ ಕಟ್ಟೆಯ ಮೇಲೆ ಪಕ್ಕದ ಜಾಗ ಖಾಲಿ ಇತ್ತು. ಆ ಖಾಲಿ ಜಾಗವನ್ನು ಅವನು ಮೊದಲು ನೋಡಿದವನೇ ಅಲ್ಲ, ನೋಡಲು ಅಷ್ಟು ಹೊತ್ತು ಕೂತಿದ್ದರಲ್ಲವೇ. ಈಗ ದಿನವೂ ಅದನ್ನೇ ನೋಡುತ್ತ, ಅಲ್ಲಿ ಸಿರಸಂಗಿಯಲ್ಲಿ ಅವಳು ಹೇಗೆ ಏದುತ್ತಿದ್ದಾಳೋ, ಮೆಟ್ಟಿಲು ಹತ್ತಲಾಗುತ್ತದೋ ಇಲ್ಲವೋ, ತನ್ನ ಹೆಸರು ಕೇಳಿದರೆ ಉಬ್ಬಸ ಹೆಚ್ಚಾದೀತೋ ಎಂದು ಚಿಂತಿಸುತ್ತಿದ್ದ. ಬರುವುದಿಲ್ಲ ಎಂದುಬಿಟ್ಟರೆ ಏನು ಮಾಡಬೇಕೆಂಬುದಕ್ಕೆ ಕಾಡಪ್ಪ ಪಥ್ಯ ಹೇಳಿರಲಿಲ್ಲ.

ನಲವತ್ತೊಂಬತ್ತನೆಯ ದಿನ ಬಂಡಿಗೆ ಹೊಸ ಕೀಲು ಹಾಕಿಸಿ, ಕಾಡೆಯ ಎರಡು ಮಡಿಕೆ ಇಟ್ಟುಕೊಂಡು ಹೊರಟ. ಎತ್ತುಗಳಿಗೆ ಈ ಹೊಸ ಯಜಮಾನನ ಪರಿಚಯ ಸಾಲದು. ಬೈಗುಳ ಕೇಳಿಸದಿದ್ದಾಗಲೆಲ್ಲ ಊರು ಬಂತೆಂದು ನಿಲ್ಲುತ್ತಿದ್ದವು. ಮೂರನೆಯ ದಿನ ಮಧ್ಯಾಹ್ನ ಸಿರಸಂಗಿ ಮುಟ್ಟಿದ. ಪುಷ್ಯ ಮಾಸ, ಎರಿಹೊಲದಲ್ಲಿ ಬಿಳಿಜೋಳ ಹಾಲುಗಾಳು ಕಟ್ಟಿತ್ತು. ಮನೆಯಲ್ಲಿ ಯಾರೂ ಇಲ್ಲದೆ ಹೊಲಕ್ಕೇ ಹೋದ. ಬದುವಿನ ಮೇಲೆ ಕಾಲಿಟ್ಟನೋ ಇಲ್ಲವೋ, ಹೊಲದ ನಡುವಿನಿಂದ ಒಂದು ಕೂಗು ಎದ್ದಿತು. ಗುಬ್ಬಿ ಗಿಣಿಗಳೆಲ್ಲ ಒಂದೇ ಸಲ ಹಾರಿದವು, ಮಡಿವಾಳೆಪ್ಪನ ಕೈಯ ಮಡಿಕೆಯೂ ಹಾರುವುದರಲ್ಲಿತ್ತು. ಹಕ್ಕಿ ಕಾಯುವ ಅಟ್ಟದ ಮೇಲೆ, ಸೆರಗು ಬಿಗಿದು ಕಟ್ಟಿ, ತಲೆಯ ಸುತ್ತ ಕವಣೆ ತಿರುಗಿಸುತ್ತ ನಿಂತಿದ್ದವಳು ರಾಚವ್ವ. ಎರಡನೆಯ ಕೂಗಿಗೆ ಆಚೆ ಹೊಲದ ಹಕ್ಕಿಗಳೂ ಎದ್ದವು.

ಕೆಳಗೆ ಯಾರೋ ನಿಂತದ್ದು ಕಂಡು ಅವಳು ಕವಣೆ ಇಳಿಸಿದಳು.

“ಯಾರಲ್ಲಿ?”

“ನಾ.”

“ನಾ ಅಂದ್ರ?”

ತನಗೊಂದು ಹೆಸರಿದೆ ಎಂಬುದು ಆ ಕ್ಷಣಕ್ಕೆ ಅವನಿಗೆ ಹೊಳೆಯಲಿಲ್ಲ. “ಬೈಲಹೊಂಗಲದಾಂವ” ಎಂದ.

ಅವನು ಕತ್ತು ಮೇಲೆತ್ತಿ, ದಮ್ಮು ಹೇಗಿದೆ ಎಂದು ಕೇಳಿದ. ಯಾರ ದಮ್ಮು ಎಂದಳು. ನಿನ್ನದು ಎಂದ. ಕಿತ್ತೂರಿನಿಂದ ಕಾಡೆ ತಂದಿದ್ದೇನೆ, ಕಹಿ ಇದೆ, ಆದರೆ ಕುಡಿಯಬಹುದು, ನಾನು ಕುಡಿದು ನೋಡಿದ್ದೇನೆ ಎಂದ. ರಾಚವ್ವ ಅಟ್ಟದ ಅಂಚಿಗೆ ಕೂತು ಅವನನ್ನು ತಲೆಯಿಂದ ಕಾಲವರೆಗೆ ನೋಡಿದಳು.

“ಲಗೂನ ಬಾ ಅಂತ ಹೇಳಿ ಕಳಿಸಿದ್ರಿ. ದಮ್ಮ ಹಿಡೀರಿ ಅಂತ ಹೇಳಿ ಕಳಿಸಿದೆ. ನನಗ ಯಾವ ದಮ್ಮ?”

ಅಕ್ಷರಗಳು ಒಂದೊಂದಾಗಿ ತಮ್ಮ ಜಾಗಕ್ಕೆ ಬಂದು ಕೂತವು. ಬೀರಪ್ಪನ ತೆರೆದ ಬಾಯಿ, ಮುಚ್ಚಿದ ಬಾಯಿ, ನಲವತ್ತೆಂಟು ದಿನದ ಕಹಿ, ಮುದಿ ಎಮ್ಮೆ. ಅವಳಿಗೆ ಏನೂ ಆಗಿಲ್ಲವೆಂಬ ಸಂತೋಷದಲ್ಲಿ ಅವನು ಬದುವಿನ ಮೇಲೆ ಕೂತುಬಿಟ್ಟ. ಆಮೇಲೆ ನಗು ಬಂತು, ಮಡಿಕೆ ಕೆಳಗಿಟ್ಟು ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು. ತನ್ನ ಮೂರ್ಖತನವನ್ನು ಒಂದಿಷ್ಟೂ ಬಿಡದೆ ಅವಳಿಗೆ ಹೇಳಿದ. ಆದರೆ ರಾಚವ್ವ ನಗಲಿಲ್ಲ.

“ಬಂಡ್ಯಾಗ ಇದ್ದದ್ದು ನಾನೋ ಚೀಲೋ, ಊರು ಮುಟ್ಟೂತನಾ ನಿಮಗ ತಿಳೀಲಿಲ್ಲ.”

“ಇಲ್ಲ.”

“ಒಮ್ಮೆ ತಿರುಗಿ ನೋಡಲಿಲ್ಲ.”

“ಇಲ್ಲ.”

ಹೇಳಬೇಕೆಂದರೆ ಸಮಜಾಯಿಷಿಗಳು ನಾಲಿಗೆಯ ತುದಿಯಲ್ಲೇ ಸಾಲಾಗಿ ನಿಂತಿದ್ದವು. ಕಂಬಳಿ ಹೊದಿಸಿದ್ದು ನಿನ್ನ ತಮ್ಮ, ಬಂಡಿ ಜಗ್ಗಿದ್ದು ಹೌದು. ಅವನು ಅಂಗಿಯ ಕಿಸೆಗೆ ಕೈ ಹಾಕಿದ. ಲವಂಗ ಸವದತ್ತಿಗೇ ಖರ್ಚಾಗಿದ್ದವು. ಬರಿಯ ಹಲ್ಲನ್ನೇ ಕಚ್ಚಿ ಕೂತ.

ಆಗ ಅವಳು ಶುರುಮಾಡಿದಳು. ಬಳೆಗಾರನ ಮುಂದಿನಿಂದಲ್ಲ, ಲಗ್ನದ ಚಪ್ಪರದಿಂದ. ಮಗಳು ಹುಟ್ಟಿದಾಗ ಅವಳು ಇಡಬೇಕೆಂದಿದ್ದ ಹೆಸರು, ಅವನು ಕೇಳದೆ ಇಟ್ಟ ಹೆಸರು. ತಾಯಿ ತೀರಿಹೋಗುವ ಮುಂಚೆ ಅವಳು ಸಿರಸಂಗಿಗೆ ಹೋಗಬೇಕೆಂದು ಎತ್ತಿದ ಮಾತು, ಅವನು ಹಬ್ಬಕ್ಕೆ ಹೋದರಾಯಿತು ಎಂದು ಮುಗಿಸಿದ ಮಾತು. ಆ ಹಬ್ಬಕ್ಕೆ ತಾಯಿ ಇರಲಿಲ್ಲ. ಅವಳ ಮನಸ್ಸಿನಲ್ಲಿ ಇದೆಲ್ಲ ಇತ್ತೆಂಬುದು ಅವನಿಗೆ ಗೊತ್ತೇ ಇರಲಿಲ್ಲ. ಗೊತ್ತಾಗುವಷ್ಟು ಅವಳಿಗೆ ಹೇಳಗೊಟ್ಟಿರಲಿಲ್ಲ. ನೆರಳು ಅಟ್ಟದ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಸರಿಯಿತು. ನಡುನಡುವೆ ಅವಳು ಎದ್ದು ಕವಣೆ ಬೀಸುತ್ತಿದ್ದಳು, ಬಂದು ಕೂತು ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದಳು. ಅವನಿಗೆ ನಗು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಕೊನೆಗೆ ಅವಳು, “ನಾ ಇನ್ನ ಬೈಲಹೊಂಗಲಕ್ಕ...” ಎಂದು ನಿಲ್ಲಿಸಿದಳು.

ಬೇಕೆಂದೇ ನಿಲ್ಲಿಸಿದಳೋ, ಉಸಿರಿಗಾಗಿ ನಿಲ್ಲಿಸಿದಳೋ. ವಾಕ್ಯ ಬಾಗಿಲು ತೆರೆದುಕೊಂಡು ನಿಂತಿತ್ತು. ಒಳಗೆ ಹಾಕಲು ಅವನ ಬಳಿ ಎರಡು ಕ್ರಿಯಾಪದಗಳಿದ್ದವು. ಒಂದರಲ್ಲಿ ಅವನ ಮನೆ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಬರತೇನಿ ಎಂದು ತಾನೇ ಮುಗಿಸಿಬಿಟ್ಟರೆ ಅವಳು ತಲೆದೂಗಿಯಾಳು, ಇಪ್ಪತ್ತಾರು ವರ್ಷದ ರೂಢಿ. ಹಾಗೆ ತಲೆದೂಗಿಸಿ ಕರೆದೊಯ್ದರೆ ಹೋಗುವುದು ಮತ್ತೊಂದು ಚೀಲವೇ. ಅವನು ಕಾದ. ಗುಬ್ಬಿಗಳು ಒಂದೊಂದಾಗಿ ಇಳಿದು ತೆನೆಗೆ ಕೂತವು. ಗಿಣಿಯೊಂದು ಅವನ ತಲೆಯ ಮೇಲಿನ ತೆನೆಯನ್ನೇ ಆರಿಸಿಕೊಂಡು ತಿನ್ನತೊಡಗಿ, ಸಿಪ್ಪೆಯನ್ನು ಅವನು ಸುತ್ತಿದ್ದ ಪಟಕದ ಮೇಲೆ ಉದುರಿಸಿತು. ಅವನು ಅಲುಗಲಿಲ್ಲ.

“...ಬರತೇನಿ” ಎಂದಳು ರಾಚವ್ವ. “ಜ್ವಾಳದ ರಾಶಿ ಆದ ಮ್ಯಾಲೆ. ಅಲ್ಲೀತನಾ ತಮ್ಮನ ಹೊಲ ಬಿಟ್ಟು ಬರಾಂಗಿಲ್ಲ.”

ರಾಶಿಗೆ ಇನ್ನೂ ಎರಡು ತಿಂಗಳಿತ್ತು. ಆಗಲಿ ಎಂದ. ನೀವು ಹೋಗಿ ಬರ್ರಿ ಎಂದಳು. ಹೋಗುವುದಿಲ್ಲ, ಇಲ್ಲೇ ಇರುತ್ತೇನೆ ಎಂದ. ಅವಳು ಮೊದಲ ಸಲ ಮುಖ ಬೇರೆ ಕಡೆ ತಿರುಗಿಸಿದಳು.

ದುಂಡಪ್ಪನಿಗೆ ಮಾಮ ಉಳಿದದ್ದು ಸಂತೋಷವೇ. ಹೊಲದ ಇನ್ನೊಂದು ಮೂಲೆಯಲ್ಲಿ ಹಕ್ಕಿ ಕಾಯಲು ಕವಣೆ ಕೊಟ್ಟು ಕೂರಿಸಿದ. ನಾಲ್ಕು ದಿನಕ್ಕೆ ಆ ಮೂಲೆಯ ತೆನೆಗಳು ಬೋಳಾದವು. ಮಾಮಾ ಹಕ್ಕಿಗೋಳಿಗೂ ದಮ್ಮ ಹಿಡ್ಯಾಕ ಹತ್ಯಾರ, ತುತ್ತು ನುಂಗಿದ ಮ್ಯಾಲೇ ಕಲ್ಲು ಒಗೀತಾರ ಎಂದು ದುಂಡಪ್ಪ ಅಕ್ಕನ ಮುಂದೆ ಗೋಳಾಡಿಕೊಂಡ. ಕವಣೆ ಕಸಿದುಕೊಂಡು ಸೀತನಿ ಸುಡುವ ಕೆಲಸ ಕೊಟ್ಟರು. ಹಾಲುಗಾಳಿನ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಹೊರಳಿಸಿ, ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಿ ಕಾಳು ಉದುರಿಸಬೇಕು. ಉರಿ ಹೆಚ್ಚಿಸಿದರೆ ಹೊತ್ತುತ್ತದೆ, ಬೇಗ ತೆಗೆದರೆ ಹಸಿ. ಮಡಿವಾಳೆಪ್ಪನ ಸೀತನಿಗೆ ನೆರೆಹೊಲದವರೂ ಬರತೊಡಗಿದರು. ಮೂವತ್ತು ವರ್ಷದ ವ್ಯಾಪಾರದಲ್ಲಿ ಅವನ ಮಾಲನ್ನು ಜನ ಇಷ್ಟು ಕೊಂಡಾಡಿದ್ದಿಲ್ಲ.

ಹದಿನೈದು ದಿನಕ್ಕೆ ಬೈಲಹೊಂಗಲದಿಂದ ಶಂಕ್ರೆಪ್ಪನ ಕಾಗದ ಬಂತು. ಅಣ್ಣನ ಪಾದಗಳಿಗೆ ನಮಸ್ಕಾರ, ಅರಳೆ ಚೆನ್ನಾಗಿ ಬರುತ್ತಿದೆ, ಗಿರಾಕಿಗಳು ಮೊದಲಿಗಿಂತ ಹೆಚ್ಚು ಹೊತ್ತು ಕೂತು ಹೋಗುತ್ತಾರೆ, ತಾವು ಅವಸರ ಮಾಡಿ ಬರಬಾರದೆಂದು ಪೇಟೆಯ ಹಿರಿಯರೆಲ್ಲರ ಅಭಿಪ್ರಾಯ. ಮಡಿವಾಳೆಪ್ಪ ಅದನ್ನು ಎರಡು ಸಲ ಓದಿದ. ‘ಎಲ್ಲರ’ ಎಂಬಲ್ಲಿ ಸ್ವಲ್ಪ ಹೊತ್ತು ನಿಂತ. ಕಾಗದ ಮಡಿಚಿ ಕಿಸೆಗಿಟ್ಟು, ಬೊಗಸೆ ಸೀತನಿ ಹಿಡಿದುಕೊಂಡು ಅಟ್ಟದ ಹತ್ತಿರ ಬಂದ.

“ಏನ ಬರದಾನ ಶಂಕ್ರೆಪ್ಪ?” ಎಂದಳು ರಾಚವ್ವ ಮೇಲಿನಿಂದ.

“ನಾ ಬರದಿದ್ರ ಅಂಗಡಿ...” ಎಂದು ಅವನು ಶಬ್ದ ಹುಡುಕುತ್ತ ನಿಂತ.

“ಚಲೋ ನಡೀತೈತಿ” ಎಂದು ಅವಳು ಮುಗಿಸಿದಳು.

ಹೌದೆಂದು ತಲೆಯಾಡಿಸಿದ. ರಾಚವ್ವ ಕವಣೆಯನ್ನು ಮಡಿಲಿಗಿಟ್ಟುಕೊಂಡು, ಅಟ್ಟದ ಮೇಲೆ ಒಂದು ಗೇಣು ಆಚೆ ಸರಿದು ಕೂತಳು. ಅಲ್ಲಿ ಇನ್ನೊಬ್ಬರಿಗೆ ಜಾಗವಾಗುತ್ತಿತ್ತು. ಮಡಿವಾಳೆಪ್ಪ ಕಾಳು ಚೆಲ್ಲದಂತೆ ಧೋತರದ ಚುಂಗಿಗೆ ಕಟ್ಟಿಕೊಂಡು ಏಣಿ ಹತ್ತತೊಡಗಿದ, ಒಂದೊಂದೇ ಮೆಟ್ಟಿಲು. ಅವನು ಮೇಲೆ ಮುಟ್ಟುವಷ್ಟರಲ್ಲಿ ಗುಬ್ಬಿಗಳು ದುಂಡಪ್ಪನ ಎರಡು ತೆನೆ ಮುಗಿಸಿದ್ದವು.